ಹೊಳೆ ಒಯ್ದ ಊರು, ಉಳಿದ ಕಡತ

ಊರೊಂದರ ಚರಿತ್ರೆಯನ್ನು ಬರೆಯಹೊರಟವನು ಮೊದಲು ಗುಡಿ, ಕೋಟೆ, ಶಾಸನಗಳನ್ನು ಅರಸುತ್ತಾನೆ. ಆ ಊರೇ ನೀರುಪಾಲಾಗಿದ್ದರೆ ಗತಿಯೇನು? ಅಮೆರಿಕದ ಇಲಿನಾಯ್ ಸೀಮೆಯ ಕಸ್ಕಾಸ್ಕಿಯಾ ಗ್ರಾಮದ ವೃತ್ತಾಂತವು ಈ ಪ್ರಶ್ನೆಗೆ ಉತ್ತರ ಕೊಡುತ್ತದೆ.

ಮಿಸಿಸಿಪ್ಪಿ ಮಹಾನದಿಯ ಬಳಿ 1703ರಲ್ಲಿ ಫ್ರೆಂಚ್ ಪಾದ್ರಿಗಳೂ ಕಸ್ಕಾಸ್ಕಿಯಾ ಬುಡಕಟ್ಟಿನವರೂ ಬಂದು ನೆಲೆಸಿದ ಗಡಿಗ್ರಾಮವಿದು. 1763ರ ಒಪ್ಪಂದದಿಂದ ಬ್ರಿಟಿಷರಿಗೆ ಸೇರಿತು. 1778ರಲ್ಲಿ ಅಮೆರಿಕನ್ನರ ವಶವಾಯಿತು. 1818ರಲ್ಲಿ ಇಲಿನಾಯ್ ರಾಜ್ಯವಾದಾಗ ಇದೇ ಅದರ ಪ್ರಥಮ ರಾಜಧಾನಿ.

ಊರಿನ ಅಳಿವಿಗೆ ನದಿಯೊಂದೇ ಕಾರಣವಲ್ಲ. ಹಬೆಹಡಗುಗಳ ಉರುವಲಿಗಾಗಿ ದಡದ ಮರಗಳನ್ನು ಕಡಿದರು. ಬೇರಿನ ಹಿಡಿತ ತಪ್ಪಿದ ಮಣ್ಣು ಕುಸಿಯತೊಡಗಿತು. 1844ರ ಮಹಾಪೂರ ಊರನ್ನು ಜರ್ಜರಗೊಳಿಸಿತು. 1881ರ ಏಪ್ರಿಲ್‌ನಲ್ಲಿ ಮಿಸಿಸಿಪ್ಪಿಯು ನಡುವಣ ಕಿರಿದಾದ ನೆಲವನ್ನು ಸೀಳಿ, ಊರ ಮಗ್ಗುಲಿನ ಕಸ್ಕಾಸ್ಕಿಯಾ ನದಿಯ ಪಾತ್ರಕ್ಕೆ ನುಗ್ಗಿತು. ಹಳೆಯ ಊರು ಕ್ರಮೇಣ ಕೊಚ್ಚಿಹೋಯಿತು. 1890ರ ದಶಕದಲ್ಲಿ ಸುಮಾರು 3,000 ಜನರ ಅವಶೇಷಗಳನ್ನು ಗೋರಿಗಳಿಂದ ತೆಗೆದು ಗುಡ್ಡದ ಮೇಲೆ ಮತ್ತೆ ಹೂಳಲಾಯಿತು. ಸ್ಥಳಾಂತರಗೊಂಡ ಊರಿನಲ್ಲಿ 2020ರ ಗಣತಿಯಂತೆ ಇದ್ದವರು 21 ಜನ.

ಆದರೂ ಆ ಊರಿನ ಬಾಳು ವಿದ್ವಾಂಸರಿಗೆ ಕಾಣುತ್ತದೆ. 1695ರಿಂದ ಬರೆದಿಟ್ಟ ಚರ್ಚಿನ ದೀಕ್ಷೆ, ವಿವಾಹ, ಮರಣಗಳ ದಾಖಲೆಗಳೂ ಕ್ರಯಪತ್ರ, ಮದುವೆಯ ಕರಾರು, ಮರಣಶಾಸನಗಳೂ ಉಳಿದಿವೆ. ಬುಡಕಟ್ಟಿನ ಒಡೆಯನ ಮಗಳಾದ ಮಾರಿ ರುಯೆನ್ಸಾ ಎಂಬಾಕೆಯ 1725ರ ಮರಣಶಾಸನವು ಅವುಗಳಲ್ಲಿ ಒಂದು. ಫ್ರೆಂಚಿನಲ್ಲಿ ಬರೆದುದನ್ನು ಆಕೆಯ ನುಡಿಯಲ್ಲಿಯೇ ಓದಿ ತಿಳಿಸಿದರೆಂದು ಅದರಲ್ಲಿದೆ. ತಾಯಿಯ ಮಾತು ಮೀರಿ ಮದುವೆಯಾದ ಮಗನಿಗೆ ಪಾಲಿಲ್ಲವೆಂದು ಬರೆಸಿದ ಆಕೆಯೇ, ಅವನು ಪಶ್ಚಾತ್ತಾಪಪಟ್ಟರೆ ಪಾಲು ಸಲ್ಲಲಿ ಎಂದು ಮತ್ತೆ ಸೇರಿಸಿದಳು. ಮುನ್ನೂರು ವರ್ಷಗಳ ಹಿಂದಿನ ತಾಯಿಯೊಬ್ಬಳ ಸಿಟ್ಟೂ ಕರುಳೂ ಒಂದು ಹಾಳೆಯಲ್ಲಿ ಉಳಿದಿವೆ.

ಕಡತವನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಅದು ಬರೆಯಬಲ್ಲವರ ಕೈಬರಹ. ಅಲ್ಲಿ ದುಡಿದ ಗುಲಾಮರು ಬಹುಮಟ್ಟಿಗೆ ಒಡೆಯರ ಸೊತ್ತಾಗಿಯೇ ದಾಖಲಾಗಿದ್ದಾರೆ. ಅವರ ಮನದ ಮಾತು ಪತ್ರಗಳಲ್ಲಿ ಸಿಗುವುದು ಅಪರೂಪ. ಸಂಶೋಧಕನು ಬರೆದುದನ್ನು ಓದುವಂತೆಯೇ ಬರೆಯದೆ ಬಿಟ್ಟುದನ್ನೂ ಗಮನಿಸಬೇಕು.

ಓದುಗ ಬಂಧುಗಳು ತಮ್ಮ ಮನೆಯ ಹಳೆಯ ಪತ್ರಗಳನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ಓದಿಸಿರಿ. ಹಿರಿಯರಿಂದ ಊರು, ಹೊಲ, ನೆಂಟಸ್ತಿಕೆಗಳ ಸಂಗತಿ ಕೇಳಿ, ತಾರೀಖು ಸಹಿತ ಬರೆದಿಡಿರಿ. ಹೊಲದಲ್ಲಿ ದುಡಿದ ಆಳುಗಳ ಹೆಸರನ್ನೂ ಅದರಲ್ಲಿ ಸೇರಿಸಿರಿ.