ಗ್ಯಾಸ್ಕೆಟ್ಟಿನ ದೋಷವೋ, ನಮ್ಮ ಅಲಕ್ಷ್ಯವೋ?

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಕೆಲವು ರೈತರು ಟರ್ಬೋ ಟ್ರಾಕ್ಟರಿನ ಇಂಜಿನ್ನು ಕಾದು ಹೆಡ್ ಗ್ಯಾಸ್ಕೆಟ್ಟು ಹೋದೊಡನೆ ಹೊಸದನ್ನು ಹಾಕಿಸಿ ನಿಶ್ಚಿಂತರಾಗುವರು. ಇದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಗ್ಯಾಸ್ಕೆಟ್ಟು ಕೆಡುವುದು ಬಹುಮಟ್ಟಿಗೆ ಅತಿಯಾದ ಕಾವಿನ ಫಲವೇ ಹೊರತು ಅದರ ಮೂಲವಲ್ಲ. ಟರ್ಬೋ ಇಂಜಿನ್ನಿನಲ್ಲಿ ಒತ್ತಡವೂ ಕಾವೂ ಹೆಚ್ಚಾದಕಾರಣ ಅಲಕ್ಷ್ಯ ಸಲ್ಲದು. ರೇಡಿಯೇಟರಿನ ಸಂದುಗಳಲ್ಲಿ ಹೊಟ್ಟು ಧೂಳು ಕಟ್ಟಿದೆಯೇ, ಫ್ಯಾನ್ ಬೆಲ್ಟು ಸಡಿಲವಾಗಿದೆಯೇ, ನೀರಿನ ಪಂಪು ಸೋರುವುದೇ ಎಂಬುದನ್ನು ಮೊದಲು ನೋಡತಕ್ಕದ್ದು. ಹೊರಗೆ ಸೋರದೆಯೇ ನೀರು ಇಳಿಯುವುದು, ರೇಡಿಯೇಟರಿನಲ್ಲಿ ಎಡೆಬಿಡದೆ ಗುಳ್ಳೆಯೇಳುವುದು, ಆಯಿಲು ಹಾಲು ಬೆರೆತಂತೆ ಕಾಣುವುದು, ಇವು ಗ್ಯಾಸ್ಕೆಟ್ಟು ಕೆಟ್ಟುದರ ಕುರುಹುಗಳು. ಆಗಲೂ ಹೆಡ್ಡು ಬಾಗಿದೆಯೇ ಎಂದು ಅಳೆಯಿಸದೆ ಹೊಸದನ್ನು ಕೂರಿಸಬಾರದು. ಕಾದ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆರೆಯಕೂಡದು. ಹಣವನ್ನು ಮತ್ತೆ ಸಂಪಾದಿಸಬಹುದು. ಮುಂಗಾರಿನಲ್ಲಿ ತಪ್ಪಿದ ಆಲೂಗಡ್ಡೆ ಬಿತ್ತನೆಯ ಹದವು ಆ ವರ್ಷ ತಿರುಗಿ ಬಾರದು.