ಮಿಡಿಯುವ ಗಂಟಿಗೆ ಸೂಜಿ ಚುಚ್ಚುವ ಮುನ್ನ

ಸ್ಕ್ಯಾನಿಂಗ್ ಎಂದರೆ ಬಸುರಿಯರಿಗೆ ಮಾಡಿಸುವ ಪರೀಕ್ಷೆ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. 1994ರ ಕಾಯ್ದೆಯಿಂದಾಗಿ ಸ್ಕ್ಯಾನಿಂಗ್ ಕೇಂದ್ರಗಳಲ್ಲಿ ತೂಗುಹಾಕಿರುವ 'ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ' ಎಂಬ ಫಲಕವೂ ಇದಕ್ಕೆ ಕಾರಣವಿದ್ದೀತು! ಆದರೆ ಅದೇ ಅಲ್ಟ್ರಾಸೌಂಡ್ ಯಂತ್ರ ಕುತ್ತಿಗೆಯ ರಕ್ತನಾಳಗಳನ್ನೂ ತೋರಿಸಬಲ್ಲದು.

ಸಂಡೂರು ತಾಲ್ಲೂಕಿನ ಯಶವಂತನಗರದಂಥ ಊರಿನಲ್ಲಿ ರಕ್ತದೊತ್ತಡವಿರುವ ಅಜ್ಜಿಯೊಬ್ಬರಿಗೆ ಕುತ್ತಿಗೆಯ ಬಲಬದಿ, ಕಾಲರ್ ಮೂಳೆಯ ಮೇಲ್ಗಡೆ ಗಂಟೊಂದು ಕಾಣಿಸಿತೆನ್ನಿ. ಮನೆಯವರು ಮೊದಲು ಎಣ್ಣೆ ಹಚ್ಚಿ ತಿಕ್ಕುತ್ತಾರೆ. ಕರಗದಿದ್ದರೆ ಕ್ಯಾನ್ಸರ್ ಎಂದು ಹೆದರಿ ಹೊಸಪೇಟೆಗೋ ಬಳ್ಳಾರಿಗೋ ಹೊರಡುತ್ತಾರೆ. ಬೆರಳಿಟ್ಟಾಗ ಗಂಟು ನಾಡಿಯಂತೆ ಮಿಡಿಯುತ್ತಿದ್ದರೆ ಅದು ಗಡ್ಡೆಯೇ ಅಲ್ಲದಿರಬಹುದು. ವಯಸ್ಸು ಮತ್ತು ರಕ್ತದೊತ್ತಡದಿಂದ ಮಹಾಧಮನಿ ಉದ್ದವಾಗಿ ಮೇಲಕ್ಕೆ ತಳ್ಳಿದಾಗ, ಮಿದುಳಿಗೆ ರಕ್ತ ಒಯ್ಯುವ ಕ್ಯಾರೊಟಿಡ್ ಧಮನಿ ನೆಟ್ಟಗೆ ನಿಲ್ಲಲಾಗದೆ ಮಡಚಿಕೊಳ್ಳುತ್ತದೆ. ವಯಸ್ಸಾದ ಹೆಂಗಸರಲ್ಲೇ ಇದು ಹೆಚ್ಚು. ಗಡ್ಡೆಯೆಂದು ತಿಳಿದು ಇದಕ್ಕೆ ಸೂಜಿ ಚುಚ್ಚಿದರೆ, ಕತ್ತಿ ಆಡಿಸಿದರೆ ಏನಾದೀತೆಂದು ಬೇರೆ ಹೇಳಬೇಕಿಲ್ಲ. ತಿಕ್ಕುವುದೂ ಅಪಾಯವೇ.

ಸ್ಕ್ಯಾನಿಂಗ್‌ನಲ್ಲಿ ಚರ್ಮಕ್ಕೆ ಜೆಲ್ ಸವರಿ ಉಪಕರಣ ಆಡಿಸುತ್ತಾರೆ, ಅಷ್ಟೇ. ಎಕ್ಸ್-ರೇ ಕಿರಣವಿಲ್ಲ, ಚುಚ್ಚುಮದ್ದಿಲ್ಲ. ಡಾಪ್ಲರ್ ವಿಧಾನದಲ್ಲಿ ಹರಿಯುವ ರಕ್ತ ಬಣ್ಣದಲ್ಲಿ ಕಾಣುತ್ತದೆ. ಧಮನಿ ಮಡಚಿದೆಯೇ, ಗೋಡೆ ಸಡಿಲಗೊಂಡು ಉಬ್ಬಿದೆಯೇ, ಇಲ್ಲವೆ ಧಮನಿಯ ಮೇಲೆ ಕುಳಿತ ಗಡ್ಡೆಯೇ ಎಂಬುದು ಬಹುಮಟ್ಟಿಗೆ ಅಲ್ಲೇ ತಿಳಿಯುತ್ತದೆ. ಬರೀ ಮಡಚಿದ್ದಾದರೆ ಸಾಮಾನ್ಯವಾಗಿ ಶಸ್ತ್ರಕ್ರಿಯೆ ಬೇಡ. ರಕ್ತದೊತ್ತಡದ ಮಾತ್ರೆ ಮಾತ್ರ ತಪ್ಪಿಸಬಾರದು.

ಥೈರಾಯ್ಡ್ ಶಸ್ತ್ರಕ್ರಿಯೆಗೆ ಮುನ್ನವೂ ಇದರ ಉಪಯೋಗವಿದೆ. ಬಲಗಡೆ ಧ್ವನಿಯ ನರ ಕೈಗೆ ಹೋಗುವ ಧಮನಿಯನ್ನು ಸುತ್ತುಹಾಕಿ ಕೆಳಗಿನಿಂದ ಗಂಟಲಿಗೆ ಬರುತ್ತದೆ. ಸುಮಾರು ನೂರಿನ್ನೂರು ಜನರಲ್ಲಿ ಒಬ್ಬರಿಗೆ ಹುಟ್ಟಿನಿಂದಲೇ ಆ ಧಮನಿ ದಾರಿ ತಪ್ಪಿ ಅನ್ನನಾಳದ ಹಿಂದಿನಿಂದ ಹಾಯ್ದಿರುತ್ತದೆ. ಆಗ ಸುತ್ತಲು ಧಮನಿಯೇ ಇಲ್ಲದೆ ನರ ಅಡ್ಡಲಾಗಿ ನೇರ ಗಂಟಲಿಗೆ ಹೋಗಿರುತ್ತದೆ. ಅರಿಯದೆ ಕತ್ತರಿಸಿದರೆ ದನಿ ಒಡೆಯುತ್ತದೆ. ಬಲಗುತ್ತಿಗೆಯ ಬುಡದಲ್ಲಿ ಎರಡು ಧಮನಿಗಳು ಕವಲೊಡೆಯುವ ಜಾಗ ಸ್ಕ್ಯಾನಿಂಗ್‌ನಲ್ಲಿ ಕಾಣದಿದ್ದರೆ ಅನುಮಾನಪಡಬೇಕು. ಥೈರಾಯ್ಡಿಗೆಂದು ಹೇಗೂ ಸ್ಕ್ಯಾನಿಂಗ್ ಮಾಡಿಸುತ್ತಾರೆ. ಉಪಕರಣವನ್ನು ಎರಡು ಬೆರಳಿನಷ್ಟು ಕೆಳಗಿಳಿಸಿ ನೋಡಲು ಏನು ಕಷ್ಟ? ಚೀಟಿಯಲ್ಲೇ 'ಧಮನಿಗಳನ್ನೂ ನೋಡಿ' ಎಂದು ಬರೆಯುವ ರೂಢಿ ಬೆಳೆಯಬೇಕೆಂಬುದು ನನ್ನ ಅಭಿಪ್ರಾಯ.

ಎದೆಮೂಳೆಯ ಹಿಂದಿನದು ಅಲ್ಟ್ರಾಸೌಂಡಿಗೆ ಸರಿಯಾಗಿ ಕಾಣದು. ಅನುಮಾನ ಉಳಿದರೆ ಸಿ.ಟಿ. ಬೇಕಾಗುತ್ತದೆ. ಹಾಗೆಂದು ತೊಂದರೆಯಿಲ್ಲದವರೆಲ್ಲ ಕುತ್ತಿಗೆ ಸ್ಕ್ಯಾನ್ ಮಾಡಿಸಬೇಕಿಲ್ಲ. ಇಂಥ ರಚನೆ ಇದೆಯೆಂದು ಗೊತ್ತಾದವರು ಮಾತ್ರ ವರದಿಯನ್ನು ಜೋಪಾನವಾಗಿಟ್ಟು, ಮುಂದೆ ಕುತ್ತಿಗೆಗೆ ಯಾವ ಚಿಕಿತ್ಸೆಯಾದರೂ ವೈದ್ಯರಿಗೆ ಮೊದಲೇ ತೋರಿಸಬೇಕು.