ಮನೆಗೆ ಬಂದ ಮಗನೂ ಉದ್ಯೋಗಸ್ಥನೇ?

2025ರ ಆಗಸ್ಟ್ ತಿಂಗಳಲ್ಲಿ ಗೊಬ್ಬರದ ಚೀಟಿಗೆಂದು ಸಂಘದ ಕಚೇರಿಗೆ ಬಂದಿದ್ದ ಹಿರಿಯ ಸದಸ್ಯರೊಬ್ಬರು ದಿನಪತ್ರಿಕೆಯನ್ನು ಮೇಜಿನ ಮೇಲಿಟ್ಟು, "ನೋಡಿ ಸ್ವಾಮಿ, ನಿರುದ್ಯೋಗ ಇಳಿದಿದೆಯಂತೆ. ನಮ್ಮ ಹುಡುಗನಿಗೆ ಮಾತ್ರ ಕೆಲಸ ಸಿಗುವುದಿಲ್ಲ. ಎಲ್ಲ ಸೋಮಾರಿತನ" ಎಂದರು. ಅವರ ಮಗ ರಾಜಾಜಿನಗರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ನಡೆಸುತ್ತಿದ್ದವನು. ಆರ್ಡರುಗಳು ಕಡಿಮೆಯಾದ ಮೇಲೆ ಊರಿಗೆ ಬಂದು ಕುಳಿತಿದ್ದಾನೆ. ತಂದೆಯ ಸಂಕಟ ನಮಗೆ ತಿಳಿಯದ್ದಲ್ಲ. ಆದರೆ ಅವರು ಆ ಅಂಕಿಯನ್ನು ಓದಿದ ರೀತಿ ತಪ್ಪು, ಹುಡುಗನಿಗೆ ಅನ್ಯಾಯ ಮಾಡುವ ತಪ್ಪು.

ಅಂದು ಬಂದಿದ್ದ ಸುದ್ದಿ ಇಷ್ಟು: ಜೂನ್‌ನಲ್ಲಿ ಶೇ. 5.6 ಇದ್ದ ನಿರುದ್ಯೋಗದ ಪ್ರಮಾಣ ಜುಲೈಯಲ್ಲಿ ಶೇ. 5.2ಕ್ಕೆ ಇಳಿದಿದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯವರು 2017ರಿಂದ ಮನೆ ಮನೆಗೆ ಹೋಗಿ ದುಡಿಮೆಗಾರರ ಸಮೀಕ್ಷೆ ನಡೆಸುತ್ತಿದ್ದು, 2025ರ ಮೇ 15ರಿಂದ ಅದರ ಫಲಿತಾಂಶವನ್ನು ತಿಂಗಳು ತಿಂಗಳೂ ಹೊರಡಿಸತೊಡಗಿದ್ದಾರೆ. ಅಂಕಿ ಸುಳ್ಳೆಂದು ನಾವು ಹೇಳುವುದಿಲ್ಲ. ಯಾರನ್ನು ಉದ್ಯೋಗಸ್ಥರೆಂದು ಕರೆಯುತ್ತಾರೆ ಎಂಬುದನ್ನು ಮಾತ್ರ ಸದಸ್ಯರು ತಿಳಿಯಬೇಕು. ಹಿಂದಿನ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ಕೆಲಸ ಮಾಡಿದ್ದರೆ ಸಾಕು, ಅವನು ಉದ್ಯೋಗಸ್ಥ. ಮನೆಯ ಜಮೀನಿನಲ್ಲಿ ಸಂಬಳವಿಲ್ಲದೆ ದುಡಿದರೂ ಉದ್ಯೋಗಸ್ಥನೇ.

ಈಗ ಆ ಲೇತ್ ಹುಡುಗನನ್ನು ನೋಡೋಣ. ಜುಲೈಯಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಸುವಾಗ ಅವನು ಪೈಪು ಹಿಡಿದಿದ್ದಾನೆ. ಅಲ್ಲಿಗೆ ಲೆಕ್ಕ ಮುಗಿಯಿತು. ಅವನಂಥವನ ಮನೆಗೆ ಸಮೀಕ್ಷೆಯವರು ಬಂದರೆ, ನಿರುದ್ಯೋಗವನ್ನು ಇಳಿಸಿದವರ ಸಾಲಿನಲ್ಲಿ ಅವನೂ ಒಬ್ಬ! ಅದೇ ಪತ್ರಿಕೆಯನ್ನು ತೋರಿಸಿ ತಂದೆ ಅವನನ್ನು ಗದರಿಸುತ್ತಿದ್ದಾರೆ.

ಇದು ಒಂದು ಮನೆಯ ಮಾತಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ಬಾಡಿಗೆ ಮನೆಗಳನ್ನು ಖಾಲಿ ಮಾಡಿ ನಮ್ಮ ಮಕ್ಕಳು ಮಲೆನಾಡಿಗೆ ಮರಳಿದ್ದು ಎಲ್ಲರಿಗೂ ನೆನಪಿದೆ. ಆ ಸಂಕಟದ ವರ್ಷದಲ್ಲಿ ನಿರುದ್ಯೋಗ ಏರಿತೆಂದು ಯಾರಾದರೂ ಊಹಿಸುವರು. ಆದರೆ ವಾರ್ಷಿಕ ಲೆಕ್ಕದಲ್ಲಿ 2019-20ರಲ್ಲಿ ಶೇ. 4.8 ಇದ್ದದ್ದು 2020-21ರಲ್ಲಿ ಶೇ. 4.2ಕ್ಕೆ ಇಳಿಯಿತು. ಕಾರಣ ಪಕ್ಕದ ಕಲಮಿನಲ್ಲೇ ಇದೆ: ದುಡಿಯುವವರಲ್ಲಿ ಕೃಷಿಯನ್ನು ಅವಲಂಬಿಸಿದವರು 2018-19ರಲ್ಲಿ ಶೇ. 42.5 ಇದ್ದವರು 2020-21ಕ್ಕೆ ಶೇ. 46.5 ಆದರು. ಮೂವರು ಮಾಡುತ್ತಿದ್ದ ತೋಟದ ಕೆಲಸವನ್ನು ಐವರು ಹಂಚಿಕೊಂಡರು. ಅಡಿಕೆ ಅಷ್ಟೇ, ಕಾಫಿ ಅಷ್ಟೇ, ಊಟಕ್ಕೆ ಕೂರುವವರು ಮಾತ್ರ ಹೆಚ್ಚು. ನಗರದ ಆಘಾತವನ್ನು ನಮ್ಮ ತೋಟಗಳು ಹೀಗೆ ಸದ್ದಿಲ್ಲದೆ ಹೊತ್ತವು, ಅದಕ್ಕೆ ಯಾರೂ ಕೃತಜ್ಞತೆ ಹೇಳಲಿಲ್ಲ.

ಆದ್ದರಿಂದ ಶೇಕಡಾವಾರು ಒಂದನ್ನೇ ಓದದೆ, ಸಂಬಳದ ಕೆಲಸದಲ್ಲಿ ಎಷ್ಟು ಮಂದಿ, ಸ್ವಂತ ದುಡಿಮೆಯಲ್ಲಿ ಎಷ್ಟು ಮಂದಿ ಎಂಬುದನ್ನು ನೋಡಬೇಕು. ತಿಂಗಳಿಂದ ತಿಂಗಳಿಗೆ ಹೋಲಿಸುವುದೂ ಮೋಸ. 2025ರ ಏಪ್ರಿಲ್‌ನಲ್ಲಿ ಗ್ರಾಮಾಂತರದ ನಿರುದ್ಯೋಗ ಶೇ. 4.5 ಇತ್ತು, ಮೇ ತಿಂಗಳಲ್ಲಿ ಶೇ. 5.1 ಆಯಿತು. ಹಿಂಗಾರು ಕೊಯ್ಲು ಮುಗಿದರೆ ಹಾಗಾಗುವುದು ಸಹಜ. ನಮ್ಮಲ್ಲೇ ನೋಡಿ, ಕಾಫಿ ಹಣ್ಣು ಕೊಯ್ಯುವಾಗ ಆಳು ಸಿಗುವುದಿಲ್ಲ, "ನಿರುದ್ಯೋಗ ಎಲ್ಲಿದೆ ತೋರಿಸಿ" ಎಂದು ಮಹಾಸಭೆಯಲ್ಲಿ ಕೂಗು ಏಳುತ್ತದೆ. ಅದೇ ಆಳುಗಳಿಗೆ ಆಷಾಢದಲ್ಲಿ ವಾರಕ್ಕೆ ಎರಡು ದಿನ ಕೆಲಸ ಕೊಡಲು ನಮ್ಮಿಂದ ಆಗುವುದಿಲ್ಲ. ಎರಡೂ ನಿಜ. ಹಿಂದಿನ ವರ್ಷದ ಅದೇ ತಿಂಗಳಿನೊಡನೆ ಹೋಲಿಸಿದರೆ ಮಾತ್ರ ಏನಾದರೂ ತಿಳಿದೀತು. ತಿಂಗಳ ಅಂಕಿ ಇಡೀ ದೇಶದ್ದು, ಕರ್ನಾಟಕದ್ದೆಂದು ಅದರಲ್ಲಿ ಬೇರೆ ಇಲ್ಲ ಎಂಬುದೂ ನೆನಪಿರಲಿ.

ಭವಿಷ್ಯನಿಧಿಗೆ ಇಷ್ಟು ಲಕ್ಷ ಹೊಸಬರು ಸೇರಿದರು ಎಂಬ ಇನ್ನೊಂದು ಲೆಕ್ಕವೂ 2018ರ ಏಪ್ರಿಲ್‌ನಿಂದ ತಿಂಗಳು ತಿಂಗಳೂ ಬರುತ್ತಿದೆ. ಪಿ.ಎಫ್. ಕಾಯಿದೆ ಕಡ್ಡಾಯವಾಗಿ ತಗಲುವುದು ಇಪ್ಪತ್ತು ಮಂದಿಯಿದ್ದ ಕಡೆ. ಕಾಮಾಕ್ಷಿಪಾಳ್ಯದಲ್ಲಿ ಎಂಟು ಹತ್ತು ಮಂದಿ ದುಡಿಯುವ ಶೆಡ್ಡುಗಳು ಈ ಲೆಕ್ಕಕ್ಕೆ ಕಾಣುವುದೇ ಅಪರೂಪ. ಹತ್ತೊಂಬತ್ತು ಮಂದಿಯಿದ್ದ ಶೆಡ್ಡು ಒಬ್ಬನನ್ನು ಸೇರಿಸಿಕೊಂಡು ನೋಂದಾಯಿಸಿದರೆ ಒಮ್ಮೆಗೇ ಇಪ್ಪತ್ತು ಹೊಸ ಹೆಸರು ಬರಬಹುದು, ಹುಟ್ಟಿದ ಕೆಲಸ ಮಾತ್ರ ಒಂದು. ಕೆಲಸ ಬಿಟ್ಟಾಗ ಈ ಹಣವೇ ಆಧಾರವೆಂದು ನಂಬಿದ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಹಣ ತೆಗೆಯಲು ಹೊಸ ನಿರ್ಬಂಧ ಬಂದಾಗ 2016ರ ಏಪ್ರಿಲ್ 18 ಮತ್ತು 19ರಂದು ರಸ್ತೆಗಿಳಿದರು. ಸರ್ಕಾರ ನಿಯಮವನ್ನು ಹಿಂದಕ್ಕೆ ಪಡೆಯಿತು. ಸೇರುವುದು, ಬಿಡುವುದು, ಮತ್ತೆ ಸೇರುವುದು ಅವರ ಬಾಳಿನ ರೀತಿ. ಸೇರಿದವರ ಕಲಮಿನ ಜೊತೆಗೆ ಬಿಟ್ಟವರ ಕಲಮನ್ನೂ ಓದದಿದ್ದರೆ ಲೆಕ್ಕ ಅರ್ಧ.

ಸದಸ್ಯರಲ್ಲಿ ನಮ್ಮದೊಂದು ವಿನಂತಿ. ಸಮೀಕ್ಷೆಯವರು ನಿಮ್ಮ ಮನೆಗೂ ಬರಬಹುದು. ಆಗ ಮರ್ಯಾದೆಯ ಪ್ರಶ್ನೆಯೆಂದು "ಮಗ ತೋಟ ನೋಡಿಕೊಳ್ಳುತ್ತಾನೆ" ಎಂದಷ್ಟೇ ಹೇಳಿ ಕಳಿಸಬೇಡಿ. ದಿನಕ್ಕೆ ಎಷ್ಟು ಗಂಟೆ ಕೆಲಸವಾಯಿತು, ಇನ್ನೂ ಎಷ್ಟು ಗಂಟೆ ದುಡಿಯಲು ಸಿದ್ಧ ಎಂಬ ಪ್ರಶ್ನೆಗಳೂ ಅವರ ಹಾಳೆಯಲ್ಲಿವೆ. ಅವಕ್ಕೆ ಮಗನೇ ಉತ್ತರ ಕೊಡಲಿ.